ತಾಳಬೆಟ್ಟದ ಏರು, ಇಂಜಿನ್ನಿನ ಕಿಟಕಿಟ

ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾದು ಕೊಳ್ಳೇಗಾಲದವರೆಗೆ ಕಾರಿನ ಇಂಜಿನ್ನಿಗೆ ಅಂಥ ಕಷ್ಟವೇನೂ ಇಲ್ಲ. ಹನೂರು ದಾಟಿ, ಕೌದಳ್ಳಿ ಕಳೆದು ತಾಳಬೆಟ್ಟದ ಬುಡಕ್ಕೆ ಬಂದಾಗ ಅಸಲಿ ಪರೀಕ್ಷೆ ಶುರುವಾಗುತ್ತದೆ. ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಒಂದೇ ಸಮನೆ ಏರು, ತಿರುವಿನ ಮೇಲೆ ತಿರುವು. ಮುಂದೆ ತುಂಬಿದ ಸಾರಿಗೆ ಬಸ್ಸು, ರಸ್ತೆ ಬದಿಯಲ್ಲಿ ನಡೆದು ಹೋಗುವ ಪರಸೆಯವರು. ವಾರಾಂತ್ಯಕ್ಕೆ ಬಂದ ಟರ್ಬೊ ಕಾರಿನ ಹುಡುಗ ಮೂರನೇ ಗೇರಿನಲ್ಲೇ ಇದ್ದುಕೊಂಡು ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾನೆ. ಆಗ ಬಾನೆಟ್ಟಿನ ಒಳಗಿಂದ ತಗಡಿನ ಡಬ್ಬದಲ್ಲಿ ಹುರುಳಿಕಾಳು ಹಾಕಿ ಅಲ್ಲಾಡಿಸಿದಂಥ ಸದ್ದು ಕೇಳುತ್ತದೆ. ಮೆಕ್ಯಾನಿಕ್‌ಗಳು ಇದನ್ನು ನಾಕಿಂಗ್ ಅನ್ನುತ್ತಾರೆ, ಕಾರಿನ ಹುಚ್ಚಿರುವವರು ಪಿಂಗಿಂಗ್ ಅನ್ನುತ್ತಾರೆ.

ಬೆಟ್ಟ ಹತ್ತಿದವರಲ್ಲಿ ಹೆಚ್ಚಿನವರು ಕೂಡಲೇ ಕೊಡುವ ತೀರ್ಪು ಒಂದೇ: 'ಹನೂರಲ್ಲಿ ಪೆಟ್ರೋಲ್ ಹಾಕಿಸಿದ್ದು ತಪ್ಪಾಯಿತು.' ಈ ತೀರ್ಪು ಅವಸರದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಧನದ ಗುಣಮಟ್ಟಕ್ಕೂ ಈ ಸದ್ದಿಗೂ ನೇರ ಸಂಬಂಧ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಣ್ಣ ಊರಿನ ಬಂಕನ್ನು ದೂರುವ ಮೊದಲು ಸಿಲಿಂಡರಿನ ಒಳಗೆ ಏನಾಗುತ್ತದೆ ಎಂದು ತಿಳಿಯಬೇಕು.

ಆರೋಗ್ಯವಂತ ಇಂಜಿನ್ನಿನಲ್ಲಿ ಪೆಟ್ರೋಲ್ ಸಿಡಿಯುವುದಿಲ್ಲ, ಉರಿಯುತ್ತದೆ. ಪ್ಲಗ್ ಕಿಡಿ ಹಾರಿಸಿದ ಮೇಲೆ ಜ್ವಾಲೆ ಒಂದು ಕಡೆಯಿಂದ ಹಬ್ಬುತ್ತಾ ಹೋಗುತ್ತದೆ. ಹಬ್ಬುವಾಗ ಮುಂದಿರುವ ಇನ್ನೂ ಉರಿಯದ ಮಿಶ್ರಣವನ್ನು ಒತ್ತಿ ಕಾಯಿಸುತ್ತದೆ. ಮೂಲೆಯಲ್ಲಿ ಉಳಿದ ಆ ಮಿಶ್ರಣ ತನ್ನ ಸರದಿ ಬರುವವರೆಗೆ ತಡೆದುಕೊಂಡರೆ ಎಲ್ಲವೂ ಸರಿ. ಒತ್ತಡ, ಶಾಖ ತಡೆಯದೆ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆ ಎದ್ದು ಸಿಲಿಂಡರಿನ ಗೋಡೆಗಳ ನಡುವೆ ಬಡಿದಾಡುತ್ತದೆ. ಸಾಧಾರಣ ಗಾತ್ರದ ಕಾರಿನ ಸಿಲಿಂಡರಿನಲ್ಲಿ ಈ ಕಂಪನ ಸೆಕೆಂಡಿಗೆ ಆರೇಳು ಸಾವಿರ ಸಲ ನಡೆಯುತ್ತದೆ. ನಮಗೆ ಕೇಳುವ ಕಿಟಕಿಟ ಅದೇ. ಪಿಸ್ಟನ್ನಿನ ತಲೆಯ ಮೇಲೆ ಸದಾ ಅನಿಲದ ತೆಳು ಪದರ ಒಂದಿದ್ದು ಉರಿಯ ಪೂರ್ತಿ ಶಾಖ ಲೋಹಕ್ಕೆ ತಾಗದಂತೆ ಕಾಯುತ್ತಿರುತ್ತದೆ. ಈ ಅಲೆಗಳು ಆ ಪದರವನ್ನೇ ಕಿತ್ತೆಸೆಯುತ್ತವೆ. ಹೀಗೆ ಬಹಳ ಹೊತ್ತು ನಡೆದರೆ ಪಿಸ್ಟನ್ನಿನ ಅಂಚು ಕರಗುತ್ತದೆ, ರಿಂಗ್ ಕೂರುವ ಜಾಗ ಒಡೆಯುತ್ತದೆ.

ಕೊಳ್ಳೇಗಾಲದ ಒಂದು ಗ್ಯಾರೇಜಿನಲ್ಲಿ ಹಿರಿಯ ಮೆಕ್ಯಾನಿಕ್ ಒಬ್ಬರು ಇಂಥ ಕಾರಿನಿಂದ ಬಿಚ್ಚಿದ ಪ್ಲಗ್ಗನ್ನು ಅಂಗೈ ಮೇಲಿಟ್ಟು ತೋರಿಸಿದರು. ಪ್ಲಗ್ಗಿನ ತುದಿಯ ಬಿಳಿ ಪಿಂಗಾಣಿಯ ಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಚುಕ್ಕೆಗಳು. ಬಿಸಿಲಿಗೆ ಹಿಡಿದರೆ ಅವುಗಳ ನಡುವೆ ಒಂದೆರಡು ಬೆಳ್ಳಿಯಂತೆ ಹೊಳೆದವು. ಆ ಹೊಳಪು ಪಿಸ್ಟನ್ನಿನಿಂದ ಕಿತ್ತುಬಂದ ಅಲ್ಯುಮಿನಿಯಂ. ಏರಿನಲ್ಲಿ ಸದ್ದು ಬಂದಾಗ ಏನು ಮಾಡಬೇಕು ಎಂದು ಕೇಳಿದೆ. 'ಗೇರು ಇಳ್ಸಿ ಸಾ, ತಾನೇ ನಿಂತೋಯ್ತದ' ಎಂದರು.

ಈ ಚಿಕ್ಕ ಮಾತಿನಲ್ಲಿ ಪೂರ್ತಿ ವಿಜ್ಞಾನ ಅಡಗಿದೆ. ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಪಿಸ್ಟನ್ ಒಮ್ಮೆ ಮೇಲಿಂದ ಕೆಳಗೆ ಬರಲು ಒಂದು ಸೆಕೆಂಡಿನ ಸಾವಿರದಲ್ಲಿ 15 ಭಾಗದಷ್ಟು ಸಮಯ ಬೇಕು. ಗೇರು ಇಳಿಸಿ ಸುತ್ತು 4000ಕ್ಕೆ ಏರಿದರೆ ಅದು ಅರ್ಧಕ್ಕೆ ಇಳಿಯುತ್ತದೆ. ಮೂಲೆಯ ಮಿಶ್ರಣ ತಾನಾಗಿ ಹೊತ್ತಿಕೊಳ್ಳಲು ಬೇಕಾದ ಪುರಸೊತ್ತೇ ಸಿಗುವುದಿಲ್ಲ. ಅದರ ಜತೆಗೆ, ಅಷ್ಟೇ ಶಕ್ತಿಗೆ ಪ್ರತಿ ಸಿಲಿಂಡರಿನ ಮೇಲೆ ಬೀಳುವ ಒತ್ತಡವೂ ಕಡಿಮೆಯಾಗುತ್ತದೆ. ದೊಡ್ಡ ಗೇರಿನಲ್ಲಿ ಕಡಿಮೆ ಸುತ್ತಿನಲ್ಲಿ ಇಂಜಿನ್ನನ್ನು ಎಳೆಸುವುದೇ ನಾಕಿಂಗ್‌ಗೆ ಹೇಳಿ ಮಾಡಿಸಿದ ಪರಿಸ್ಥಿತಿ. ಬೆಟ್ಟದಲ್ಲಿ ಆಗುವುದು ಅದೇ. ಬಸ್ಸಿನ ಹಿಂದೆ ತೆವಳುವಾಗ ಟರ್ಬೊ ಕಾರಿನ ಇಂಟರ್‌ಕೂಲರ್‌ಗೆ ಗಾಳಿಯೂ ಸಾಲದು. ಕಾದ ಗಾಳಿ ಸಿಲಿಂಡರ್ ಸೇರಿದಾಗ ಮಿಶ್ರಣದ ತಾಳ್ಮೆ ಇನ್ನಷ್ಟು ಕುಗ್ಗುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದರಿಂದ ಟರ್ಬೊ ಇಲ್ಲದ ಇಂಜಿನ್ನಿಗೆ ನಾಕಿಂಗ್ ತುಸು ಕಡಿಮೆಯೇ. ಯಳಂದೂರಿನಿಂದ ಗುಂಬಳ್ಳಿ ಮೇಲೆ ಬಿಳಿಗಿರಿರಂಗನ ಬೆಟ್ಟ ಹತ್ತುವಾಗ ಸಾದಾ ಕಾರು ಸುಸ್ತಾದರೂ ಸದ್ದು ಮಾಡದಿರಲು ಇದೂ ಒಂದು ಕಾರಣ. ಟರ್ಬೊ ಮಾತ್ರ ಆ ತೆಳು ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದೆ, ಅದಕ್ಕೆ ಬೆಟ್ಟದ ಈ ರಿಯಾಯಿತಿ ಸಿಗದು.

ಇನ್ನು ಆಕ್ಟೇನ್ ವಿಚಾರ. ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಪೆಟ್ರೋಲಿನ ಗುಣಕ್ಕೆ ಕೊಡುವ ಅಂಕ ಅದು. ಐಸೊಆಕ್ಟೇನ್ ಎಂಬ ದ್ರವಕ್ಕೆ 100, ಹೆಪ್ಟೇನ್‌ಗೆ ಸೊನ್ನೆ ಎಂದಿಟ್ಟುಕೊಂಡು 1920ರ ದಶಕದಲ್ಲಿ ಈ ಅಳತೆಗೋಲು ರೂಪುಗೊಂಡಿತು. ಅಂಕ ಹೆಚ್ಚಿದ್ದರೆ ಪೆಟ್ರೋಲಿನಲ್ಲಿ ಶಕ್ತಿ ಹೆಚ್ಚು ಎಂದು ಬಹಳ ಜನ ನಂಬಿದ್ದಾರೆ. ಹಾಗಲ್ಲ. ಹೆಚ್ಚು ಒತ್ತಡದಲ್ಲಿ ದುಡಿಯುವ ಇಂಜಿನ್ನಿಗೆ ಆ ತಾಳ್ಮೆ ಬೇಕು, ಬೇರೆಯವಕ್ಕೆ ಅದರಿಂದ ಲಾಭವಿಲ್ಲ. ಫೆರಾರಿ 458ರಂಥ ಕಾರು ಮಿಶ್ರಣವನ್ನು ಹನ್ನೆರಡೂವರೆ ಪಟ್ಟು ಒತ್ತುತ್ತದೆ. ಸಂತೆಗೆ ಹೋಗುವ ನೂರು ಸಿಸಿ ಬೈಕಿಗೆ ನೂರು ಆಕ್ಟೇನಿನ ದುಬಾರಿ ಪೆಟ್ರೋಲ್ ಹಾಕಿಸುವುದು ದುಡ್ಡು ದಂಡ.

ನಾಕಿಂಗ್ ತಡೆಯಲು ಮನುಷ್ಯ ಹಿಂದೆ ಹಿಡಿದ ದಾರಿಯೊಂದು ಘೋರವಾಗಿತ್ತು. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಗ್ಲೆ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸಿ ನೋಡಿದರು. ಸದ್ದು ನಿಂತಿತು. ಸೀಸ ಮಕ್ಕಳ ಮಿದುಳಿಗೆ ವಿಷ. ಆದರೂ ದಶಕಗಳ ಕಾಲ ಜಗತ್ತಿನ ಪ್ರತಿ ರಸ್ತೆಯ ಗಾಳಿಗೆ ಅದು ಸೇರುತ್ತಲೇ ಹೋಯಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ದ ಫೆಬ್ರುವರಿಯಲ್ಲಿ. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗಳು ಅಂಬಾಸಿಡರ್, ಫಿಯಟ್ ಓಡಿಸುತ್ತಿದ್ದ ಕಾಲವೆಲ್ಲ ಆ ಹೊಗೆಯ ಕಾಲವೇ. ಆ ಕಾರುಗಳಲ್ಲಿ ಕಿಡಿಯ ಹೊತ್ತನ್ನು ಡಿಸ್ಟ್ರಿಬ್ಯೂಟರ್ ತಿರುಗಿಸಿ ಕೈಯಲ್ಲೇ ಹೊಂದಿಸುತ್ತಿದ್ದರು. ಬೆಟ್ಟಕ್ಕೆ ಹೋಗುವ ಗಾಡಿಯ ಟೈಮಿಂಗನ್ನು ಕಿವಿಯಿಂದಲೇ ಗ್ರಹಿಸಿ ಕೂದಲೆಳೆಯಷ್ಟು ಹಿಂದಕ್ಕೆ ಇಡುವುದು ಮೆಕ್ಯಾನಿಕ್‌ಗೆ ಗೊತ್ತಿರಲೇಬೇಕಾದ ಕೆಲಸವಾಗಿತ್ತು.

ಈಗ ಆ ಕಿವಿಯ ಕೆಲಸವನ್ನು ಇಂಜಿನ್ ಬ್ಲಾಕಿಗೆ ಬಿಗಿದ ನಾಕ್ ಸೆನ್ಸರ್ ಮಾಡುತ್ತದೆ. ಕಂಪನ ತಿಳಿದೊಡನೆ ಕಂಪ್ಯೂಟರ್ ಕಿಡಿಯನ್ನು ತುಸು ತಡಮಾಡುತ್ತದೆ, ಸದ್ದು ನಿಲ್ಲುತ್ತದೆ. ಬದಲಿಗೆ ಪಿಕಪ್ ಕುಸಿಯುತ್ತದೆ, ಸೈಲೆನ್ಸರ್ ಕಡೆಗೆ ಹೋಗುವ ಶಾಖ ಹೆಚ್ಚುತ್ತದೆ, ಮೈಲೇಜ್ ಬೀಳುತ್ತದೆ. ಹಾಗಾಗಿ ಇತ್ತೀಚಿನ ಕಾರಿನಲ್ಲಿ ಕೆಟ್ಟ ಪೆಟ್ರೋಲಿನ ಲಕ್ಷಣ ಸದ್ದಲ್ಲ, ಏರಿನಲ್ಲಿ ಎಳೆತ ಕಡಿಮೆಯಾಗುವುದು. ಸೆನ್ಸರ್ ಇದ್ದೂ ಕಿಟಕಿಟ ಕೇಳಿದರೆ ತಿದ್ದುಪಡಿಯ ಮಿತಿ ದಾಟಿದೆ ಎಂದೇ ತಿಳಿಯಬೇಕು. ನೇರ ಇಂಜೆಕ್ಷನ್ನಿನ ಟರ್ಬೊ ಇಂಜಿನ್ನಿನಲ್ಲಿ ಇನ್ನೊಂದು ಅಪಾಯವಿದೆ. ಕಿಡಿ ಹಾರುವ ಮೊದಲೇ ಆಯಿಲಿನ ಹನಿಯೊಂದರಿಂದ ಬೆಂಕಿ ಹತ್ತಿ ಒಂದೇ ಏಟಿಗೆ ಪಿಸ್ಟನ್ ಒಡೆಯಬಲ್ಲದು. ಇದನ್ನು ಕಿಡಿ ತಡಮಾಡಿ ತಡೆಯಲಾಗದು. ಕಂಪನಿ ಹೇಳಿದ ದರ್ಜೆಯ ಆಯಿಲ್ ಹಾಕುವುದು, ಕಡಿಮೆ ಸುತ್ತಿನಲ್ಲಿ ಪೂರ್ತಿ ಒತ್ತದಿರುವುದು, ಇವೆರಡೇ ರಕ್ಷಣೆ.

ಹನೂರಿನ ಬಂಕಿಗೆ ಬರುವುದು ಬೇರೆ ಪೆಟ್ರೋಲ್ ಅಲ್ಲ. ನಮ್ಮ ರಾಜ್ಯದ ರಿಫೈನರಿ ಮಂಗಳೂರಿನಲ್ಲಿದೆ. ಅಲ್ಲಿಂದ ಹಾಸನಕ್ಕೂ ಬೆಂಗಳೂರು ಬಳಿಯ ದೇವನಗೊಂದಿಗೂ ಕೊಳವೆಮಾರ್ಗ ಬಂದಿದೆ. ಇಂಥ ಡಿಪೊಗಳಲ್ಲಿ ತುಂಬಿದ ಟ್ಯಾಂಕರ್‌ಗಳು ನಗರಕ್ಕೂ ಹೋಗುತ್ತವೆ, ಹಳ್ಳಿಗೂ ಹೋಗುತ್ತವೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ಮಾನದಂಡ ಸಾದಾ ಪೆಟ್ರೋಲಿನ ಆಕ್ಟೇನ್ ಎಲ್ಲೇ ಆಗಲಿ 91ಕ್ಕಿಂತ ಕಡಿಮೆ ಇರಕೂಡದು ಎಂದು ವಿಧಿಸಿತು. ಆದರೆ ಹೊರದೇಶದ ಸ್ಪೋರ್ಟ್ಸ್ ಕಾರಿನ ಪೆಟ್ರೋಲ್ ಮುಚ್ಚಳದೊಳಗೆ 95 ಎಂದೋ 98 ಎಂದೋ ಬರೆದಿರುತ್ತದೆ. ನಗರದಲ್ಲಿ ದುಬಾರಿ ಪೆಟ್ರೋಲ್ ಕುಡಿದ ಕಾರಿಗೆ ದಾರಿಯಲ್ಲಿ ಸಾದಾ ಪೆಟ್ರೋಲ್ ಸಿಕ್ಕಾಗ ಏರಿನಲ್ಲಿ ವ್ಯತ್ಯಾಸ ಕಾಣುವುದು ಸಹಜ. ಅದು ಬಂಕಿನ ಮೋಸವಲ್ಲ. ಅರ್ಧ ಟ್ಯಾಂಕ್ 95ರದ್ದಿದ್ದು ಉಳಿದರ್ಧ 91ರದ್ದು ಸೇರಿದರೆ 93ರ ಹತ್ತಿರದ ಮಿಶ್ರಣ ಸಿಗುತ್ತದೆ, ಮೆಲ್ಲಗೆ ಓಡಿಸುವವರಿಗೆ ಅಷ್ಟು ಸಾಕು.

ಕಲಬೆರಕೆ ಎಂಬುದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಸೀಮೆಎಣ್ಣೆಯ ಆಕ್ಟೇನ್ ಪೆಟ್ರೋಲಿನ ಮುಂದೆ ತೀರಾ ಕಡಿಮೆ, ಸ್ವಲ್ಪ ಬೆರೆತರೂ ಇಂಜಿನ್ ಬಡಿದುಕೊಳ್ಳುತ್ತದೆ. ಈ ದಂಧೆಗೆ ಅಡ್ಡ ನಿಂತು ಪ್ರಾಣ ಕೊಟ್ಟವರು ನಮ್ಮ ರಾಜ್ಯದವರೇ ಎಂಬುದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಕೋಲಾರದ ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ ಮೈಸೂರಿನ ಎಸ್‌ಜೆಸಿಇಯಲ್ಲಿ ಇಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಓದಿ ಇಂಡಿಯನ್ ಆಯಿಲ್ ಸೇರಿದ್ದರು. ಉತ್ತರ ಪ್ರದೇಶದ ಲಖಿಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಮಾಡುತ್ತಿದ್ದ ಬಂಕಿಗೆ ಬೀಗ ಹಾಕಿಸಿದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ಅವರಿಗೆ 27 ವರ್ಷ. ಸಬ್ಸಿಡಿ ಸೀಮೆಎಣ್ಣೆಗೂ ಪೆಟ್ರೋಲಿಗೂ ಇದ್ದ ಬೆಲೆಯ ಅಂತರ ಆ ಕಾಲದಲ್ಲಿ ದೊಡ್ಡ ಆಮಿಷವಾಗಿತ್ತು. ಆ ಸಬ್ಸಿಡಿ ಕರಗಿದ ಮೇಲೆ ಆಮಿಷವೂ ತಗ್ಗಿದೆ.

ಅನುಮಾನ ಬಂದರೆ ಬಂಕಿನಲ್ಲೇ ಪರೀಕ್ಷೆ ಕೇಳುವ ಹಕ್ಕು ಎಲ್ಲರಿಗೂ ಇದೆ. ಫಿಲ್ಟರ್ ಕಾಗದದ ಮೇಲೆ ನಾಜಲ್ಲಿನಿಂದ ಒಂದು ಹನಿ ಬಿಟ್ಟರೆ ಶುದ್ಧ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ. ಸಾಂದ್ರತೆಯನ್ನು ಹೈಡ್ರೋಮೀಟರ್‌ನಲ್ಲಿ ಅಳೆದು, 15 ಡಿಗ್ರಿ ಸೆಲ್ಸಿಯಸ್‌ಗೆ ಲೆಕ್ಕ ಹಾಕಿ, ಲೋಡ್ ಬಂದಾಗ ಬರೆದಿಟ್ಟ ಅಂಕಿಯ ಜತೆ ತಾಳೆ ನೋಡಬೇಕು. ಪ್ರತಿ ಘನ ಮೀಟರಿಗೆ 3 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಪ್ರಶ್ನಿಸಬಹುದು. ಆದರೆ ಈ ಎರಡೂ ಪರೀಕ್ಷೆ ಆಕ್ಟೇನ್ ಎಷ್ಟೆಂದು ಹೇಳವು. ಭಾರದ ಸೀಮೆಎಣ್ಣೆಗೆ ಹಗುರ ದ್ರಾವಕ ಸೇರಿಸಿ ಸಾಂದ್ರತೆಯನ್ನು ಸರಿದೂಗಿಸುವ ಚಾಲಾಕಿಗಳಿದ್ದಾರೆ. ಆಕ್ಟೇನ್ ಅಳೆಯಲು ಅದಕ್ಕೆಂದೇ ಮಾಡಿದ ಒಂದೇ ಸಿಲಿಂಡರಿನ ಇಂಜಿನ್ ಬೇಕು, ಅದು ಪ್ರಯೋಗಾಲಯದಲ್ಲಿರುತ್ತದೆ. ತಾಲ್ಲೂಕಿನ ಬಂಕುಗಳ ಮಾದರಿಯನ್ನು ಅಲ್ಲಿಗೆ ಆಗಾಗ ಒಯ್ದು, ಬಂದ ಅಂಕಿಯನ್ನು ಆ ಬಂಕಿನ ಬೋರ್ಡಿನ ಮೇಲೆಯೇ ಬರೆಯುವಂತಾದರೆ ಹನೂರಿನವರ ಮೇಲಿನ ಅಪವಾದವೂ ತೊಲಗುತ್ತದೆ, ನಿಜವಾದ ಕಳ್ಳರೂ ಸಿಕ್ಕಿಬೀಳುತ್ತಾರೆ. ಇದನ್ನು ತೈಲ ಕಂಪನಿಗಳು ಮಾಡಲೇಬೇಕು.

ಕೊಳ್ಳೇಗಾಲ ಸೀಮೆಗೆ ಇದರಲ್ಲಿ ಇನ್ನೊಂದು ನಂಟೂ ಇದೆ, ಅದು ಕಬ್ಬು. ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಯಿದೆ, ನಂಜನಗೂಡು ತಾಲ್ಲೂಕಿನ ಅಳಗಂಚಿಯಲ್ಲಿ ಕಾರ್ಖಾನೆಯ ಜತೆ ಡಿಸ್ಟಿಲರಿಯೂ ಇದೆ. ಕಾಕಂಬಿಯಿಂದ ತೆಗೆಯುವ ಎಥೆನಾಲ್ ಅಪ್ಪಟ ನಾಕಿಂಗ್ ನಿರೋಧಕ. ಅದರ ಆಕ್ಟೇನ್ 108ರ ಆಸುಪಾಸು, ಆವಿಯಾಗುವಾಗ ಸಿಲಿಂಡರಿಗೆ ಹೋಗುವ ಗಾಳಿಯನ್ನು ತಂಪು ಮಾಡುವ ಗುಣವೂ ಇದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿ 6ರಂದು ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಇ20ರ ಆಕ್ಟೇನ್ 95ರ ಮಟ್ಟದ್ದು ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿದೆ. ಮೈಲೇಜ್ ಕಡಿಮೆಯಾಗುತ್ತದೆ ಎಂಬ ದೂರು ಸುಳ್ಳಲ್ಲ, ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಆದರೆ ನಾಕಿಂಗ್ ಲೆಕ್ಕದಲ್ಲಿ ಬೆಟ್ಟ ಹತ್ತುವ ಟರ್ಬೊ ಕಾರಿಗೆ ಇದು ವರವೇ.

ತೊಂದರೆ ಬರುವುದು ನೀರು ಸೇರಿದಾಗ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಬಂಕಿನ ನೆಲದಡಿಯ ಟ್ಯಾಂಕಿಗೋ, ತಿಂಗಳುಗಟ್ಟಲೆ ನಿಂತ ಕಾರಿನ ಟ್ಯಾಂಕಿಗೋ ಮಳೆನೀರು ಇಳಿದರೆ, ಒಂದು ಮಿತಿ ದಾಟಿದ ಮೇಲೆ ಎಥೆನಾಲ್ ನೀರಿನ ಜತೆ ತಳಕ್ಕೆ ಕೂರುತ್ತದೆ. ಮೇಲೆ ಉಳಿದ ಪೆಟ್ರೋಲ್ ಎಥೆನಾಲ್ ಕಳೆದುಕೊಂಡು ಆಕ್ಟೇನನ್ನೂ ಕಳೆದುಕೊಳ್ಳುತ್ತದೆ. ಮುಂಗಾರಿನಲ್ಲಿ ಹೆಚ್ಚು ವ್ಯಾಪಾರವಿರುವ, ಟ್ಯಾಂಕ್ ಬೇಗ ಖಾಲಿಯಾಗಿ ತುಂಬುವ ಬಂಕಿನಲ್ಲಿ ಹಾಕಿಸುವುದು ಜಾಣತನ. ಹಳ್ಳಿ ದಾರಿಯಲ್ಲಿ ಅಪರೂಪಕ್ಕೆ ಮಾರುವ ಪ್ರೀಮಿಯಂ ಪೆಟ್ರೋಲಿಗಿಂತ ದಿನವೂ ಖರ್ಚಾಗುವ ಸಾದಾ ಪೆಟ್ರೋಲ್ ತಾಜಾ ಇರುತ್ತದೆ.

ನನಗೆ ಸ್ಪೋರ್ಟ್ಸ್ ಕಾರಿಗಿಂತ ಹೆಚ್ಚು ಚಿಂತೆ ಇರುವುದು ರಾಮಾಪುರದಿಂದ ಮೂರು ಜನ ಕೂತು, ಮುಂದೆ ಗೂಡಿನ ಚೀಲ ಇಟ್ಟುಕೊಂಡು ಬರುವ ಹಳೇ ಬೈಕಿನ ಬಗ್ಗೆ. ಅದರಲ್ಲಿ ಕಾರ್ಬುರೇಟರ್ ಇದೆ, ನಾಕ್ ಸೆನ್ಸರ್ ಇಲ್ಲ. ಎಥೆನಾಲ್ ಹೆಚ್ಚಿದಾಗ ಕಾರಿನ ಕಂಪ್ಯೂಟರ್ ಇಂಧನದ ಪ್ರಮಾಣ ಹೆಚ್ಚಿಸಿಕೊಳ್ಳುತ್ತದೆ, ಕಾರ್ಬುರೇಟರಿಗೆ ಅದು ಬಾರದು. ಮಿಶ್ರಣ ತೆಳುವಾಗಿ ಇಂಜಿನ್ ಕಾಯುತ್ತದೆ. ಇಂಥ ಬೈಕಿನ ಜೆಟ್ ಒಮ್ಮೆ ಪರೀಕ್ಷಿಸಿ ಹೊಂದಿಸಿಕೊಳ್ಳುವುದು, ಸಿಲಿಂಡರ್ ಹೆಡ್ಡಿನ ಕರಿ ತೆಗೆಸುವುದು, ಕಂಪನಿ ಹೇಳಿದ ಶಾಖದರ್ಜೆಯ ಪ್ಲಗ್ಗನ್ನೇ ಹಾಕುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಗೇರು ಇಳಿಸಿ, ಬೇರೆ ಬಂಕಿನ ಪೆಟ್ರೋಲ್ ಹಾಕಿಸಿದ ಮೇಲೂ ಸದ್ದು ನಿಲ್ಲದಿದ್ದರೆ ಕಾರಾಗಲಿ ಬೈಕಾಗಲಿ ದೋಷ ಇಂಧನದ್ದಲ್ಲ, ಇಂಜಿನ್ನಿನದು. ಒಳಗೆ ಕಟ್ಟಿದ ಕರಿ, ಆಯಿಲ್ ಸುಡುತ್ತಿರುವ ರಿಂಗ್, ಕೆಟ್ಟ ಥರ್ಮೋಸ್ಟಾಟ್ ಇವುಗಳಲ್ಲಿ ಒಂದು ಕಾರಣವಾಗಿರುತ್ತದೆ. ಅದನ್ನು ತಾಳಬೆಟ್ಟ ಹತ್ತಿಸುವ ಮೊದಲು ಕೊಳ್ಳೇಗಾಲದಲ್ಲೇ ಬಿಚ್ಚಿಸಿ ನೋಡಿಸಬೇಕು.