ಪರನಾಡಿನಲ್ಲಿ ಒದಗುವ ನೆರವು

ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಕಾಶ್ಮೀರದ ಬಿಲ್ಹಣನೆಂಬ ಪಂಡಿತನು ತನ್ನ ಊರನ್ನು ಬಿಟ್ಟು ದೇಶಾಟನೆಗೆ ಹೊರಟನು. ಮಥುರೆ, ಕನೂಜು, ಪ್ರಯಾಗ, ಕಾಶಿಗಳನ್ನು ಸುತ್ತಿ, ಸೋಮನಾಥವನ್ನು ಕಂಡು, ರಾಮೇಶ್ವರದವರೆಗೂ ಹೋಗಿ, ಕೊನೆಗೆ ಅವನು ಬಂದು ಸೇರಿದುದು ಚಾಲುಕ್ಯರ ರಾಜಧಾನಿಯಾದ ಕಲ್ಯಾಣವನ್ನು; ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣವನ್ನು. ಕಾಶ್ಮೀರದವನಿಗೆ ಆಗ ಕರ್ಣಾಟವು ಪರದೇಶವೇ ಸರಿ. ಅರಸನೂ ಬೇರೆ, ಜನರ ಆಡುನುಡಿಯೂ ಬೇರೆ. ಆದರೂ ಆರನೆಯ ವಿಕ್ರಮಾದಿತ್ಯನು (ಆಳ್ವಿಕೆ 1076–1126) ಅವನನ್ನು ಆದರಿಸಿ 'ವಿದ್ಯಾಪತಿ' ಎಂಬ ಪದವಿಯನ್ನಿತ್ತನು. ಬಿಲ್ಹಣನು ಅರಸನ ಚರಿತ್ರೆಯನ್ನು 'ವಿಕ್ರಮಾಂಕದೇವಚರಿತ'ವೆಂಬ ಕಾವ್ಯವಾಗಿ ಬರೆದು, ಅದರ ಕೊನೆಯ ಸರ್ಗದಲ್ಲಿ ತನ್ನ ಪ್ರವಾಸದ ಕಥೆಯನ್ನೂ ಹೇಳಿದನು.

ಅರಸನ ಉಪಕಾರಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಕವಿಗೆ ಆಶ್ರಯ ದೊರೆಯಿತು, ಅರಸನಿಗೆ ಕೀರ್ತಿ ದೊರೆಯಿತು. ಆದರೆ ಅಷ್ಟು ದೂರದ ದಾರಿಯಲ್ಲಿ ನೀರು ಕೊಟ್ಟವರೂ ದಾರಿ ತೋರಿದವರೂ ಅನೇಕರು ಇದ್ದಿರಲೇಬೇಕು. ಅವರ ಹೆಸರು ಯಾವ ಕಾವ್ಯದಲ್ಲಿಯೂ ಇಲ್ಲ. ಮತ್ತೆಂದೂ ಕಾಣದ ಪರದೇಶಿಗೆ ಮನುಷ್ಯನು ನೆರವಾಗುವುದೇಕೆ?

ಈ ಪ್ರಶ್ನೆಯು ವಿಜ್ಞಾನಿಗಳನ್ನೂ ಕಾಡಿದೆ. ರಕ್ತಸಂಬಂಧಿಗಳಿಗೆ ಮಾಡುವ ತ್ಯಾಗವು ಜೀವವಿಕಾಸದಲ್ಲಿ ಹೇಗೆ ಉಳಿದುಬರಬಲ್ಲುದೆಂಬುದನ್ನು ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಗಣಿತದಿಂದ ತೋರಿಸಿದರು. ಸಂಬಂಧಿಗಳಲ್ಲದವರ ನಡುವಣ ಉಪಕಾರ–ಪ್ರತ್ಯುಪಕಾರಗಳನ್ನು ರಾಬರ್ಟ್ ಟ್ರಿವರ್ಸ್ 1971ರಲ್ಲಿ ವಿವರಿಸಿದರು. ಇದಕ್ಕೆ ಇಬ್ಬರೂ ಮೇಲಿಂದ ಮೇಲೆ ಭೇಟಿಯಾಗುತ್ತಿರಬೇಕು. ದಾರಿಹೋಕನ ವಿಷಯದಲ್ಲಿ ಇವೆರಡೂ ಸಾಲವು. 1998ರಲ್ಲಿ ನೋವಾಕ್ ಮತ್ತು ಸಿಗ್ಮಂಡ್ ಎಂಬವರು ಮೂರನೆಯ ದಾರಿಯೊಂದನ್ನು ಲೆಕ್ಕಹಾಕಿ ತೋರಿಸಿದರು. ಉಪಕಾರ ಮಾಡಿದವನಿಗೆ ಒಳ್ಳೆಯ ಹೆಸರು ಬರುತ್ತದೆ. ಆ ಹೆಸರನ್ನು ನಂಬಿ ಬೇರೊಬ್ಬನು ಅವನಿಗೆ ನೆರವಾಗುತ್ತಾನೆ. ಹೀಗೆ ಸಾಲವು ಕೊಟ್ಟವನಿಂದಲ್ಲದೆ ಸಮಾಜದಿಂದ ತೀರುತ್ತದೆ.

ಆದರೂ ಇಂಥ ನೆರವನ್ನು ನಾವು 'ಅನಿರೀಕ್ಷಿತ' ಎನ್ನುತ್ತೇವೆ. ಇಲ್ಲಿ ತಪ್ಪುವುದು ನಮ್ಮ ಅಂದಾಜೇ. ಫ್ಲಿನ್ ಮತ್ತು ಲೇಕ್ ಎಂಬ ಸಂಶೋಧಕರು ಅಮೆರಿಕದಲ್ಲಿ ನಡೆಸಿದ ಒಂದು ಪರೀಕ್ಷೆಯು 2008ರಲ್ಲಿ ಪ್ರಕಟವಾಯಿತು. ಐದು ಮಂದಿ ಅಪರಿಚಿತರಿಂದ ಒಂದು ಪ್ರಶ್ನಪತ್ರವನ್ನು ತುಂಬಿಸಿ ತರಬೇಕಾದರೆ ಎಷ್ಟು ಜನರನ್ನು ಕೇಳಬೇಕಾದೀತು? ಸುಮಾರು 20 ಜನರನ್ನು ಎಂದು ಹೊರಟವರ ಊಹೆ. ವಾಸ್ತವವಾಗಿ ಸುಮಾರು 10 ಜನರೇ ಸಾಕಾದರು! 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 40 ದೇಶಗಳ 355 ನಗರಗಳಲ್ಲಿ, ಬಿದ್ದು ಸಿಕ್ಕವೆಂದು ಹೇಳಿ, 17,000ಕ್ಕೂ ಹೆಚ್ಚು ಕೈಚೀಲಗಳನ್ನು ಕಚೇರಿ, ಹೋಟೆಲು, ಬ್ಯಾಂಕುಗಳ ಸಿಬ್ಬಂದಿಗೆ ಒಪ್ಪಿಸಲಾಯಿತು. ಹಣವಿಲ್ಲದ ಚೀಲಗಳಲ್ಲಿ ನೂರಕ್ಕೆ ಸುಮಾರು 40ರ ವಿಷಯದಲ್ಲಿ ಅವರು ಚೀಲದ ಒಡೆಯನಿಗೆ ತಿಳಿಸಿದರು. ಹಣವಿದ್ದಾಗ 51ರ ವಿಷಯದಲ್ಲಿ. ಅರ್ಥಶಾಸ್ತ್ರಜ್ಞರೂ ಇದನ್ನು ಮುಂಗಂಡಿರಲಿಲ್ಲ.

ಹಾಗಾದರೆ ಬಿದ್ದವನನ್ನು ಕಂಡೂ ಜನರು ಸುಮ್ಮನೆ ಹೋಗುವುದೇಕೆ? 1973ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬವರು ಧರ್ಮಶಾಸ್ತ್ರವನ್ನು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು, ಒಬ್ಬನು ನರಳುತ್ತ ಕುಳಿತಿದ್ದ ಓಣಿಯ ಮೂಲಕ ಕಳುಹಿಸಿದರು. ಅವಸರವಿಲ್ಲದವರಲ್ಲಿ ನೂರಕ್ಕೆ 63 ಮಂದಿ ನೆರವಾದರು. ಬಹಳ ಅವಸರದಲ್ಲಿದ್ದವರಲ್ಲಿ 10 ಮಂದಿ ಮಾತ್ರ. ಇದಕ್ಕೂ ಮೊದಲು, 1968ರಲ್ಲಿ, ಡಾರ್ಲಿ ಮತ್ತು ಲಾಟಾನೆ ಇನ್ನೊಂದನ್ನು ಕಂಡಿದ್ದರು. ಪಕ್ಕದ ಕೋಣೆಯಿಂದ ಮೂರ್ಛೆರೋಗಿಯೊಬ್ಬನ ಕೂಗು ತನಗೊಬ್ಬನಿಗೇ ಕೇಳಿಸುತ್ತಿದೆ ಎಂದು ನಂಬಿದವರಲ್ಲಿ ನೂರಕ್ಕೆ 85 ಮಂದಿ ಆ ಕೂಗು ನಿಲ್ಲುವುದರೊಳಗೆ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದವರಲ್ಲಿ ಹಾಗೆ ಮಾಡಿದವರು 31 ಮಂದಿ. ಹೊರೆಯು ಹಂಚಿಹೋದಷ್ಟೂ ಪ್ರತಿಯೊಬ್ಬನ ಹೆಗಲಿಗೆ ಅದು ಹಗುರವಾಗಿ ತೋರುತ್ತದೆ. ಆದಕಾರಣ ನೆರವು ದೊರೆಯುವುದೂ ದೊರೆಯದಿರುವುದೂ ಜನರ ಸ್ವಭಾವದಷ್ಟೇ ಸಂದರ್ಭವನ್ನೂ ಅವಲಂಬಿಸಿದೆ.

ಸಂದರ್ಭವನ್ನು ನಾವು ಬದಲಾಯಿಸಬಲ್ಲೆವು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ದಾಸೋಹವು ಒಂದು ಆಚರಣೆಯಾಗಿ ನೆಲೆಗೊಂಡಿತು. ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಮತಭೇದವಿಲ್ಲದೆ ಬಂದವರನ್ನು ಆದರಿಸಿದರು. ಅತಿಥಿಗೆ ಅನ್ನವಿಡುವುದು ನಿತ್ಯದ ಪದ್ಧತಿಯಾದ ಕಡೆಯಲ್ಲಿ 'ಇದು ಯಾರ ಕೆಲಸ?' ಎಂಬ ಸಂದೇಹವೇ ಹುಟ್ಟುವುದಿಲ್ಲ.

ಈಗ ಅದೇ ಹುಮನಾಬಾದಿನಲ್ಲಿ ಪುಣೆ–ಹೈದರಾಬಾದುಗಳನ್ನು ಕೂಡಿಸುವ 65ನೆಯ ರಾಷ್ಟ್ರೀಯ ಹೆದ್ದಾರಿಯೂ, ಬೀದರ–ಕಲಬುರಗಿಗಳನ್ನು ಕೂಡಿಸುವ 50ನೆಯ ಹೆದ್ದಾರಿಯೂ ಸಂಧಿಸುತ್ತವೆ. ದೂರದಿಂದ ಬಂದ ಲಾರಿಯ ಚಾಲಕನಿಗೆ ಇದು ಗುರುತಿನವರಿಲ್ಲದ ಪರನಾಡು. ರಸ್ತೆಯಲ್ಲಿ ಅವನು ಗಾಯಗೊಂಡು ಬಿದ್ದರೆ ಸುತ್ತ ನೆರೆಯುವ ಗುಂಪಿನ ಕೈಯಲ್ಲಿ ಅವನ ಪ್ರಾಣವಿರುತ್ತದೆ. ಅಂಥಲ್ಲಿ ಜನರನ್ನು ಹಿಂಜರಿಸುವ ಇನ್ನೊಂದು ಕಾರಣವೆಂದರೆ ಪೊಲೀಸು, ಕೋರ್ಟುಗಳ ಭಯ. ಈ ಭಯಕ್ಕೆ ಕಾನೂನು ಉತ್ತರ ಕೊಟ್ಟಿದೆ. ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳನ್ನು ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಎತ್ತಿಹಿಡಿಯಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯಿದೆಗೆ ಸೇರಿದ 134ಎ ಪ್ರಕರಣದ ಪ್ರಕಾರ, ಪ್ರತಿಫಲವನ್ನು ಬಯಸದೆ ಸದುದ್ದೇಶದಿಂದ ಗಾಯಾಳುವಿಗೆ ನೆರವಾದವನು, ಆ ಆರೈಕೆಯಲ್ಲಿ ಲೋಪವಾಯಿತೆಂಬ ಕಾರಣದಿಂದ, ಗಾಯಾಳುವಿಗೆ ಆದ ಹಾನಿಗೆ ಹೊಣೆಯಾಗುವುದಿಲ್ಲ. ಅವನು ತನ್ನ ಹೆಸರು, ವಿಳಾಸಗಳನ್ನು ಹೇಳಲೇಬೇಕೆಂಬ ಬಲವಂತವೂ ಇಲ್ಲ.

ವಿದ್ಯಾರ್ಥಿಗಳು ಇದರಿಂದ ತಿಳಿಯಬೇಕಾದುದು ಎರಡು ಮಾತು. ಪರಸ್ಥಳದಲ್ಲಿ ನಿಮಗೆ ಕಷ್ಟ ಬಂದಾಗ ಸಂಕೋಚಪಡದೆ ಕೇಳಿರಿ. ಅದೂ ಗುಂಪಿಗೆ ಕೂಗಿ ಹೇಳದೆ ಒಬ್ಬರನ್ನೇ ನೇರವಾಗಿ ಕೇಳಿರಿ. ಇನ್ನೊಬ್ಬರಿಗೆ ಕಷ್ಟ ಬಂದುದನ್ನು ಗುಂಪಿನಲ್ಲಿ ನಿಂತು ಕಂಡಾಗ, ಯಾರೋ ಆಗಲೇ 108ಕ್ಕೆ ಕರೆ ಮಾಡಿರಬಹುದೆಂದು ಭಾವಿಸದೆ, ಆ ಕರೆಯನ್ನು ನೀವೇ ಮಾಡಿರಿ.