ಕಾಕಾನ ಗಾಡಿಗೆ ಸ್ಯಾಟಲೈಟ್ ನೆಟ್ ಬೇಕಾ?

ನಮ್ಮ ಗ್ಯಾಂಗಿನ ಒಬ್ಬ ಗೆಳೆಯನ ಕಾಕಾ ಭಾಲ್ಕಿಯ ಮನೆಯಿಂದಲೇ ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಗೆ ಕೆಲಸ ಮಾಡ್ತಾರೆ. ದಸರಾ ಹೊತ್ತಿಗೆ ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಹಿಂದಿನ ಸೀಟು ಕಿತ್ತು, ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕ್ ಕೂರಿಸಿದರು (ಆರ್‌ಟಿಒ ಕಾಗದಪತ್ರದ್ದು ಬೇರೆಯೇ ಕಥೆ). ಬೇಸಿಗೆಯಲ್ಲಿ ಕಾಕು, ಮಕ್ಕಳನ್ನು ಕರ್ಕೊಂಡು ಎರಡು ತಿಂಗಳು ತಿರುಗಬೇಕು, ಆದರೆ ರಜೆ ಹಾಕದೆ, ಗಾಡಿಯಲ್ಲೇ ಕೂತು ಕೆಲಸ ಮಾಡಬೇಕು. ಮ್ಯಾನೇಜರ್ ಒಂದೇ ಶರತ್ತು ಹಾಕಿದ್ದಾರೆ: ದಿನಾ ಬೆಳಿಗ್ಗೆ ಹತ್ತರ ಮೀಟಿಂಗ್ ತಪ್ಪಬಾರದು. ತಪ್ಪಿದರೆ ವಾಪಸ್ ಆಫೀಸಿಗೆ.

"ನೀವು ಇಂಜಿನಿಯರ್ ಆಗೋರು. ಟಾಪ್ ಮ್ಯಾಲ ಆ ಸ್ಯಾಟಲೈಟ್ ಡಿಶ್ ಹಾಕ್ಸಬೇಕೋ ಬ್ಯಾಡೋ, ಹೇಳ್ರಿ ನೋಡೋಣ" ಅಂದ್ರು. ಎರಡನೇ ವರ್ಷದವರನ್ನು ಯಾರೂ ಇಷ್ಟು ಸೀರಿಯಸ್ಸಾಗಿ ಏನೂ ಕೇಳಿರಲಿಲ್ಲ. ಹಾಗಾಗಿ ನಾವೂ ಸೀರಿಯಸ್ಸಾಗಿಯೇ ತಗೊಂಡ್ವಿ.

ಸ್ಯಾಟಲೈಟ್ ನೆಟ್ ನಮ್ಮ ಕಡೆ ಹೊಸದೇನಲ್ಲ. 2004ರ ಸೆಪ್ಟೆಂಬರಿನಲ್ಲಿ ಇಸ್ರೊ ಎಜುಸ್ಯಾಟ್ ಹಾರಿಸಿದಾಗ ಅದರ ಪ್ರಯೋಗ ನಡೆದ ವಿಶ್ವವಿದ್ಯಾಲಯಗಳಲ್ಲಿ ನಮ್ಮ ವಿಟಿಯು ಕೂಡ ಒಂದು. ಊರಲ್ಲಿ ಕೆಲವು ಎಟಿಎಂಗಳ ಮಾಳಿಗೆ ಮೇಲೆ ಕಾಣುವ ಡಿಶ್ ಕೂಡ ಇದೇ ಜಾತಿಯದು. ಆದರೆ ಆ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಮೇಲೆ. ನಾವು "ಹಲೋ" ಅಂದದ್ದು ಮೇಲೆ ಹೋಗಿ ಕೆಳಗೆ ಬರಬೇಕು, ಉತ್ತರವೂ ಹಾಗೇ ಮೇಲೆ ಹೋಗಿ ಕೆಳಗೆ ಬರಬೇಕು. ಒಟ್ಟು 1,44,000 ಕಿ.ಮೀ. ಬೆಳಕಿನ ವೇಗದಲ್ಲೇ ಹೋದರೂ ಹೆಚ್ಚುಕಡಿಮೆ ಅರ್ಧ ಸೆಕೆಂಡು. ದುಡ್ಡು ತೆಗೆಯೋಕೆ ಇದು ನಡೀತದೆ, ಮೀಟಿಂಗಿನಲ್ಲಿ ಮಾತ್ರ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ಸುಮ್ಮನಾಗ್ತಾರೆ.

ಸ್ಟಾರ್‌ಲಿಂಕ್ ಉಪಗ್ರಹಗಳು ಇರುವುದು ಸುಮಾರು 550 ಕಿ.ಮೀ. ಎತ್ತರದಲ್ಲಿ. ಅದೇ ಲೆಕ್ಕ ಹಾಕಿದರೆ ಹೋಗಿಬರುವ ಹೊತ್ತು 7-8 ಮಿಲಿಸೆಕೆಂಡು. ಉಳಿದ ದಾರಿಯೆಲ್ಲ ಸೇರಿ ಬಳಸುವವರಿಗೆ 25ರಿಂದ 50ರ ಆಸುಪಾಸು ಸಿಗ್ತದೆ. ಇಷ್ಟು ಕೆಳಗಿರುವ ಉಪಗ್ರಹ ಗಂಟೆಗೆ 27,000 ಕಿ.ಮೀ. ವೇಗದಲ್ಲಿ ಓಡುತ್ತಿರುವುದರಿಂದ ಕೆಲವೇ ನಿಮಿಷದಲ್ಲಿ ಕಣ್ಮರೆ. ಡಿಶ್ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡೀತಾ ಇರಬೇಕು. ಅದಕ್ಕೇ ಅದಕ್ಕೆ ದೊಡ್ಡ ಬಯಲು ಆಕಾಶ ಬೇಕು. ಸೆಕೆ ಅಂತ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದರೆ ಮೀಟಿಂಗ್ ನಡುನಡುವೆ ಕಟ್ ಆಗ್ತದೆ. ಏಪ್ರಿಲ್ ಬಿಸಿಲಲ್ಲಿ ನೆರಳೋ ನೆಟ್ಟೋ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಕರೆಂಟಿನ ಲೆಕ್ಕವನ್ನೂ ಮಾಡಿದ್ವಿ. ದೊಡ್ಡ ಡಿಶ್ 75ರಿಂದ 100 ವಾಟ್ ತಿಂತದೆ. ಎಂಟು ಗಂಟೆ ಕೆಲಸಕ್ಕೆ 600ರಿಂದ 800 ವಾಟ್-ಅವರ್. ಕಾಕಾ ಹಾಕಿಸಿರುವ ಬ್ಯಾಟರಿ 12 ವೋಲ್ಟ್, 100 ಎಎಚ್, ಅಂದರೆ 1,200 ವಾಟ್-ಅವರ್. ಲೆಡ್ ಆ್ಯಸಿಡ್ ಆದ್ದರಿಂದ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಲ್ಲಿಗೆ ಫ್ಯಾನು, ಲೈಟು ಎಲ್ಲ ಬಂದ್. ಮಿನಿ ಡಿಶ್ ಆದರೆ 25ರಿಂದ 40 ವಾಟ್, ಅದು ತಾಳ್ತದೆ.

ಇನ್ನು ದುಡ್ಡು. ಕಂಪನಿಗೆ ಕೇಂದ್ರದ ಲೈಸೆನ್ಸ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. 2026ರ ಜನವರಿಯಲ್ಲಿ ಇದನ್ನು ಬರೆಯುವ ಹೊತ್ತಿಗೆ ಜನಸಾಮಾನ್ಯರಿಗೆ ಸೇವೆ ಶುರುವಾಗಿರಲಿಲ್ಲ. 2025ರ ಡಿಸೆಂಬರಿನಲ್ಲಿ ಅವರ ಸೈಟಿನಲ್ಲಿ ತಿಂಗಳಿಗೆ 8,600 ರೂಪಾಯಿ, ಉಪಕರಣಕ್ಕೆ 34,000 ಅಂತ ಕಾಣಿಸಿಕೊಂಡಿತ್ತು. ಅದು ಟೆಸ್ಟಿಂಗ್ ದತ್ತಾಂಶ, ನಿಜವಾದ ರೇಟ್ ಅಲ್ಲ ಅಂತ ಕಂಪನಿ ಹೇಳಿತು. ಅಂದಾಜಿಗೆ ಅದನ್ನೇ ಹಿಡಿದರೂ ಎರಡು ತಿಂಗಳ ತಿರುಗಾಟಕ್ಕೆ 51,200. ಅದೂ ಮನೆ ಪ್ಲಾನಿನ ರೇಟು. ಗಾಡಿಯಲ್ಲಿ ಒಯ್ಯುವ ಪ್ಲಾನ್ ಬೇರೆ ದೇಶಗಳಲ್ಲಿ ಬೇರೆಯೇ ಇದೆ. "ದುಬೈಯಿಂದ ಒಂದು ತರಸ್ತೀನಿ" ಅಂತ ಕಾಕಾ ಅಂದಾಗ ಮಾತ್ರ ನಾವು ಒಂದೇ ದನಿಯಲ್ಲಿ ಬೇಡ ಅಂದ್ವಿ. ಅನುಮತಿ ಇಲ್ಲದ ಸ್ಯಾಟಲೈಟ್ ಉಪಕರಣ ಬಳಸುವುದು ಇಲ್ಲಿ ಅಪರಾಧ. ಬರೀ ದಂಡ ಕಟ್ಟಿ ಬರುವ ಮಾತಲ್ಲ ಅದು.

ಇಷ್ಟೆಲ್ಲ ಲೆಕ್ಕ ಆದ ಮೇಲೆ ನಮಗೆ ಹೊಳೆದದ್ದು, ನಾವು ತಪ್ಪು ಪ್ರಶ್ನೆ ಹಿಡ್ಕೊಂಡಿದ್ವಿ ಅಂತ. ಗಾಡಿ ಓಡುವಾಗ ಕಾಕಾನಿಗೆ ನೆಟ್ ಬೇಕಾಗಿಯೇ ಇಲ್ಲ, ಸ್ಟೇರಿಂಗ್ ಹಿಡಿದವರು ಅವರೇ. ಬೇಕಾದದ್ದು ಬೆಳಿಗ್ಗೆ ಹತ್ತಕ್ಕೆ ಗಾಡಿ ಎಲ್ಲಿ ನಿಂತಿರ್ತದೋ ಅಲ್ಲಿ. ವಿಡಿಯೊ ಕಾಲ್‌ಗೆ 3-4 ಎಂಬಿಪಿಎಸ್ ಸಾಕು.

ಒಂದು ಭಾನುವಾರ ಎರಡು ಬೇರೆ ಕಂಪನಿಯ ಸಿಮ್ ಹಿಡಿದು ಬೀದರಿನಿಂದ ಭಾಲ್ಕಿ, ಅಲ್ಲಿಂದ ಔರಾದ್, ಸಂತಪುರ ದಾಟಿ ಮತ್ತೆ ಬೀದರ್ ಸುತ್ತಿ ಬಂದ್ವಿ. ಪೇಟೆಗಳಲ್ಲಿ ಎರಡೂ ಚೆನ್ನಾಗಿ ನಡೆದವು. ಔರಾದ್ ರಾಜ್ಯದ ತುತ್ತತುದಿಯ ತಾಲ್ಲೂಕು. ಗಡಿ ಹತ್ತಿರದ ಹೊಲಗಳ ನಡುವೆ ಫೋನು ಒಮ್ಮೆ ಮಹಾರಾಷ್ಟ್ರಕ್ಕೆ ಜಿಗೀತಿತ್ತು, ಒಮ್ಮೆ ಇಲ್ಲಿಗೆ. ಒಂದು ಸಿಮ್ ಸತ್ತಲ್ಲಿ ಹೆಚ್ಚಾಗಿ ಇನ್ನೊಂದು ಉಸಿರಾಡ್ತಿತ್ತು. ಎರಡೂ ಹೋದ ಜಾಗಗಳಲ್ಲಿ ಸ್ವಲ್ಪ ಮುಂದೆ ಹೋಗಿ ದಿಬ್ಬ ಹತ್ತಿದರೆ ಒಂದಾದರೂ ಬಂತು.

ಇನ್ನೊಂದು ಮಾತು. ಗಾಡಿಯೊಳಗೆ ಒಂದೇ ಕಡ್ಡಿ ತೋರಿಸುವ ಫೋನು ಇಳಿದು ನಿಂತರೆ ಮೂರು ತೋರಿಸ್ತಿತ್ತು. ಟೆಂಪೊ ಅಂದರೆ ತಗಡಿನ ಡಬ್ಬಿ, ಸಿಗ್ನಲ್ ಕಿಟಕಿಯಿಂದಷ್ಟೇ ನುಸುಳಬೇಕು. ಎರಡು ಸಿಮ್ಮಿನ 4ಜಿ ರೂಟರ್ ಒಳಗಿಟ್ಟು, ಆಂಟೆನಾವನ್ನು ಟಾಪ್ ಮೇಲೆ ಕೂರಿಸಿದರೆ ಈ ನಷ್ಟ ತಪ್ಪುತ್ತದೆ. ಖರ್ಚು ಡಿಶ್ಶಿನ ಮುಂದೆ ಏನೂ ಅಲ್ಲ, ಕರೆಂಟು ಹತ್ತು-ಹದಿನೈದು ವಾಟಿನ ಒಳಗೆ.

ಟವರೇ ಇಲ್ಲದ ಕಾಡಂಚಿನಲ್ಲಿ ವಾರಗಟ್ಟಲೆ ಇರುವವರಾಗಿದ್ದರೆ ನಮ್ಮ ಉತ್ತರ ಬೇರೆ ಇರ್ತಿತ್ತು. ಕಾಕಾನ ಪಟ್ಟಿಯಲ್ಲಿ ಅಂಥವು ಎರಡೇ ರಾತ್ರಿ. ಅವೆರಡನ್ನು ಶನಿವಾರ, ಭಾನುವಾರಕ್ಕೆ ಸರಿಸಿ ಅಂದ್ವಿ. ಕಾಕು ತಕ್ಷಣ ಕ್ಯಾಲೆಂಡರ್ ತಂದು ಸರಿಸಿಯೇ ಬಿಟ್ಟರು.

ಕಾಕಾ ಒಪ್ಪಿದ್ದಾರೆ, ಅರ್ಧ ಮನಸ್ಸಿನಿಂದ. ಮುಂದೆ ಬೇಕಾದೀತು ಅಂತ ಟಾಪ್ ಮೇಲೆ ಡಿಶ್ಶಿನ ವೈರಿಗೂ ಒಂದು ತೂತು ಕೊರೆಸಿಟ್ಟಿದ್ದಾರೆ. ಮಳೆಗಾಲದೊಳಗೆ ಅದನ್ನು ಮುಚ್ಚಿಸಬೇಕು.