ಮಾಡ್ ಸಂಗ್ರಹ: ಹಳೆಯ ಆಟಕ್ಕೆ ಹೊಸ ಮೈ

2011ರಲ್ಲಿ ಬಿಡುಗಡೆಯಾದ ಸ್ಕೈರಿಮ್ ಎಂಬ ಪಾತ್ರಾಭಿನಯದ ವಿಡಿಯೋ ಗೇಮ್
ಇಂದಿಗೂ ಹೊಸದಾಗಿ ಕಾಣುವುದು ಹೇಗೆ?

ಆಟಗಾರರೇ ರಚಿಸಿದ ಮಾರ್ಪಾಟು ಕಡತಕ್ಕೆ ಮಾಡ್ ಎಂದು ಹೆಸರು;
ಒಂದು ಹಿಮದ ಬಣ್ಣ ಬದಲಿಸಿದರೆ,
ಇನ್ನೊಂದು ಕತ್ತಿಯೇಟಿನ ಲೆಕ್ಕವನ್ನೇ ತಿದ್ದುತ್ತದೆ.
ಎರಡು ಮಾಡ್‌ಗಳು ಒಂದೇ ಅಂಶವನ್ನು ಮುಟ್ಟಿದಾಗ
ಸಾಮಾನ್ಯವಾಗಿ ಪಟ್ಟಿಯಲ್ಲಿ ಕೊನೆಗೆ ಬಂದದ್ದೇ ಗೆಲ್ಲುವುದರಿಂದ,
ಕ್ರಮ ತಪ್ಪಿದರೆ ಆಟ ನಡುವೆಯೇ ಕುಸಿಯಬಹುದು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜನಪದ ಗಾಯಕರಾದ ಕಂಸಾಳೆಯವರು
ಮಲೆ ಮಾದಪ್ಪ ದೇವರ ಕಾವ್ಯವನ್ನು ಸಾಲುಗಳಾಗಿ, ಅಂದರೆ ಕಥಾಭಾಗಗಳಾಗಿ, ಹಾಡುವಾಗ
ಸಂಕಮ್ಮನ ಸಾಲು ಯಾವುದರ ಬೆನ್ನಿಗೆ ಬರಬೇಕೆಂದು ಬಲ್ಲಂತೆ,
ಸಂಗ್ರಹಕಾರರು ನೂರಾರು ಮಾಡ್‌ಗಳನ್ನು ಪರೀಕ್ಷಿಸಿ ಒಂದು ಪಟ್ಟಿಯಾಗಿ ಹೊಂದಿಸಿರುತ್ತಾರೆ.

ವಾಬಾಜ್ಯಾಕ್ ಎಂಬ ತಂತ್ರಾಂಶ ಆ ಪಟ್ಟಿಯನ್ನು ಓದಿ,
ಕಡತಗಳನ್ನು ಅವುಗಳ ಮೂಲ ತಾಣಗಳಿಂದಲೇ ಇಳಿಸಿ,
ಅದೇ ಕ್ರಮದಲ್ಲಿ ಕೂರಿಸುತ್ತದೆ.
ಮೂಲ ಆಟವನ್ನು ಮಾತ್ರ ಹಣ ಕೊಟ್ಟೇ ಕೊಳ್ಳಬೇಕು.
ನಡುವೆ ತನ್ನಿಷ್ಟದ ಮಾಡ್ ತುರುಕುವವನು
ಹಳೆಯ ಸೇವ್, ಅಂದರೆ ಉಳಿಸಿಟ್ಟ ಆಟ, ಕಳೆದುಕೊಳ್ಳಲೂ ಸಿದ್ಧನಿರಬೇಕು.